ಠರಾವು ನಂಬರ್ ನಲವತ್ತೊಂದು

ನನ್ನ ಅಕ್ಷರ ಛಲೋ ಇದ್ದವು. ಅದಕ್ಕೇ
ಹುಬ್ಬಳ್ಳಿ ಮುನಸಿಪಾಲ್ಟಿಯ ನಡಾವಳಿ ಪುಸ್ತಕ
ಹನ್ನೊಂದು ವರ್ಷ ನನ್ನ ಕೈಯಾಗಿತ್ತು.
ಯಾರ ಮಾತಿಗೆ ಎಷ್ಟು ಮಸಿ ಅಂತ
ಯಾರೂ ಹೇಳಿಕೊಟ್ಟಿರಲಿಲ್ಲ. ತಾನೇ ಬರುತ್ತಿತ್ತು.

ಐವತ್ತೊಂಬತ್ತರಾಗ ಗಾಳೆಪ್ಪ ದೊಡ್ಡಮನಿ ಆರಿಸಿ ಬಂದ.
ನೋಡ್ರಿ, ಇವತ್ತಿಗೂ
‘ಬಂದರು’ ಅನ್ನಲಿಕ್ಕೆ ನಾಲಿಗೆ ಹಿಂದ ಸರೀತದ.
ರೇಲ್ವೆ ವರ್ಕ್‌ಶಾಪಿನಾಗ ಬಾಯ್ಲರ್ ಕೆಲಸ,
ಎಷ್ಟು ತೊಳೆದರೂ ಉಗುರಿನ ಸಂದಿಯೊಳಗ ಇದ್ದಿಲು,
ಮೀಟಿಂಗಿಗಂತಲೇ ಹೊಲಿಸಿದ ಒಂದು ಕರೀ ಕೋಟು.
ಮೊದಲ ದಿನ ಕಿಡಕಿ ಪಕ್ಕದ ಖುರ್ಚಿಯಲ್ಲಿ ಕೂತ.
‘ಈ ಕಿಡಕಿ ಗಾಳಿ ನಮಗ ಒಗ್ಗೂದಿಲ್ಲ’ ಎಂದು
ಅಡತಿ ಸಾಹುಕಾರರು ಎರಡು ಖುರ್ಚಿ ಆಚೆ ಸರಿದರು.
ಎಲ್ಲರೂ ನಕ್ಕರು. ನಾನೂ.

ಚಾ ತರುವ ಹುಸೇನಸಾಬನಿಗೆ ಯಾರು ಅಂದರೋ ಏನೋ,
ಎಲ್ಲರಿಗೂ ಕಪ್ಪು ಬಶಿ,
ಅವನಿಗೆ ಕಿಡಕಿ ಕಟ್ಟೆಯ ಗಾಜಿನ ಗ್ಲಾಸು.
ಕುಡಿದು, ತಾನೇ ತೊಳೆದು,
ಅಧ್ಯಕ್ಷರ ಕಪ್ಪಿನ ಮಗ್ಗುಲಿಗೆ ಇಟ್ಟು ಹೋಗುತ್ತಿದ್ದ.

ಆ ಬ್ಯಾಸಿಗಿಯಾಗ ದೊಡ್ಡ ಓಣಿಯ ನಳಕ್ಕೆ
ಕೇರಿಯ ಹುಡುಗಿಯೊಬ್ಬಳು ಕೊಡ ಹಿಡಿದಳು.
ಕೊಡ ಒಡೀತು. ಆಮೇಲೆ ತಲೆ.
ಮೂರು ರಾತ್ರಿ ಬೀದಿ ದೀಪಕ್ಕೆ ಕಲ್ಲು ಬಿದ್ದವು,
ಪೋಲೀಸರ ಬೂಟಿನ ಸಪ್ಪಳ ನಮ್ಮ ಅಟ್ಟದವರೆಗೂ ಬಂತು.
ನಾಲ್ಕನೆಯ ದಿನ ಸಭೆ. ಗಾಳೆಪ್ಪ ಎದ್ದು ನಿಂತ.
ಮುಕ್ಕಾಲು ತಾಸು. ನಾನು ಬರೆದದ್ದು:
‘ನೀರಿನ ಬಗ್ಗೆ ಚರ್ಚೆ ಜರುಗಿ,
ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು.’

ಮರುದಿನ ನನ್ನ ಮೇಜಿನ ಮುಂದ ಬಂದು ಪುಸ್ತಕ ಕೇಳಿದ.
ಇದ್ದಿಲಿನ ಬೆರಳು ಹಾಳೆಗೆ ತಾಗದಂತೆ
ಸಾಲಿನ ಮೇಲೆ ಗಾಳಿಯಲ್ಲೇ ಎಳೆದು ಓದಿದ.
‘ರಾಯರ, ನಿಮ್ಮ ಅಕ್ಷರ ಛಲೋ ಅದಾವು.’
ಅಷ್ಟ. ಬ್ಯಾರೆ ಏನೂ ಅನ್ನಲಿಲ್ಲ.

ಈಗ ನನಗ ಎಂಬತ್ತೇಳು. ಕೈ ನಡಗ್ತದ, ಅಕ್ಷರ ಕೆಟ್ಟಾವು.
ಆದರೂ ಬರೀತೇನಿ.

ಠರಾವು ನಂಬರ್ ನಲವತ್ತೊಂದು.
ಸದಸ್ಯರಾದ ಗಾಳೆಪ್ಪ ದೊಡ್ಡಮನಿಯವರು ಎದ್ದು ನಿಂತು ಹೇಳಿದರು:
‘ಅಧ್ಯಕ್ಷರ, ನಮ್ಮ ಫೋರಮನ್ ಒಂದು ಪೇಪರ್ ಓದಿ ಹೇಳಿದ.
ಅಮೇರಿಕಾದಾಗ ಒಂದು ಊರೈತಂತ.
ಅಲ್ಲಿ ಕರಿಯಾವ ಒಬ್ಬ ವಾರ್ಡು ಗೆದ್ದರ
ಬಿಳಿಯರು ಮನಿ ಮಾರಿ ಊರ ಹೊರಗ ಹೊಕ್ಕಾರಂತ.
ಅವರಿಗೆ ಹೋಗಾಕ ಜಾಗಾ ಐತಿ.
ನೀವು ಎಲ್ಲಿಗೆ ಹೊಕ್ಕೀರಿ?
ನೀರಸಾಗರದಿಂದ ಬರೂ ಪೈಪು ಒಂದ.
ನಮ್ಮ ಕೇರಿ ಹುಡುಗರು ಅಗದ ತಗ್ಗಿನಾಗ ಹಾಸಿದ್ದು.
ಅದರಾಗ ಬರೂ ನೀರು
ಯಾರ ಕೈ ಮುಟ್ಟಿ ಬಂದೈತಿ ಅಂತ
ನಿಮ್ಮ ತಂಬಗಿಗೆ ಗೊತ್ತಿಲ್ಲ,
ನಿಮಗ ಗೊತ್ತೈತಿ. ಆದರೂ ಕುಡೀತೀರಿ.
ನನ್ನ ಮಗಳ ತಲಿಗೆ ಏಳು ಹೊಲಿಗಿ ಬಿದ್ದಾವು.
ನಾ ನಳ ಬೇಡಾಕ ಬಂದಿಲ್ಲ, ಲೆಕ್ಕಾ ಕೇಳಾಕ ಬಂದೀನಿ.’

ಇದಾದ ಮೇಲೆಯೂ ಅವರು ಏನೋ ಹೇಳಿದರು.
ಅದು ನೆನಪಿಲ್ಲ.
ಅಷ್ಟೊತ್ತಿಗೆ ನಾನು ದೌತಿ ಮುಚ್ಚಿದ್ದೆ.