ಜಂಬೋ ಚೀಲ

ಮಂಡಕ್ಕಿ ಭಟ್ಟಿಯ ಜೈತುನ್‌ಬಿ ಬಂದಾಗ
ಚೀಲವೇ ನಡೆದು ಬಂದ ಹಾಗಿತ್ತು,
ಅಡಿಗೆ ಎರಡು ಹವಾಯಿ ಚಪ್ಪಲಿ.
"ಕೊಟ್ರಣ್ಣ, ಇದರ ಮ್ಯಾಲೆ ಜಂಬೋ ಅಂತ ಬರಿ.
ನೀಲಿ ಬಣ್ಣ, ದಪ್ಪ ಅಕ್ಷರ.
ಪಕ್ಕದ ಭಟ್ಟಿಯೋರು ಆಗ್ಲೇ ಬರೆಸ್ಯಾರೆ."
ಖಾಲಿ ಚೀಲ ತರೋದಲ್ವಾ ಅಂದೆ.
"ಖಾಲಿದಕ್ಕೆ ಜಂಬೋ ಅಂತಾರೇನು?"

ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ.
ಮೊಮ್ಮಗಳು ಮುಬೀನಾ ಕೂಡಿಸಿ ಕೂಡಿಸಿ ಓದಿದಳು:
"ಜಂಬ ಮಾಡೋರಾ?"
ತಪ್ಪೇನಿಲ್ಲ. ಜಂಬಕ್ಕೆ ಒಂದು ಓತ್ವ, ಮೇಲೊಂದು ದೀರ್ಘ.
ಆ ದೀರ್ಘ ಸೊಂಡಿಲಿನ ಹಾಗೆ
ಹೊಲಿಗೆ ದಾಟಿ ಆಚೆ ಹೋಗಿತ್ತು.

ಬ್ರಷ್ ಒರೆಸಲು ತಂದ ರದ್ದಿಯಲ್ಲಿ ಒಮ್ಮೆ ಓದಿದ್ದೆ,
ಅರ್ಧ ಹರಿದ ಹಾಳೆ.
ಅದು ಆನೆಯ ಹೆಸರು. ಒಂದೇ ಒಂದು ಆನೆಯದು.
ಆಫ್ರಿಕದಲ್ಲಿ ತಾಯಿಯನ್ನು ಕೊಂದು ಮರಿಯನ್ನು ಹಿಡಿದರಂತೆ,
ಮರಳುಗಾಡು ನಡೆಸಿ, ಹಡಗು ಹತ್ತಿಸಿ,
ಪ್ಯಾರಿಸ್ಸಿಗೆ, ಅಲ್ಲಿಂದ ಲಂಡನ್ನಿಗೆ.
ಹೆಸರು ಯಾವ ನಾಲಿಗೆಯದೋ ಯಾರಿಗೂ ಖಾತ್ರಿಯಿಲ್ಲ.
ನಮಸ್ಕಾರ ಅಂತ ಅರ್ಥ ಅಂತಾರೆ ಕೆಲವರು,
ಯಜಮಾನ ಅಂತಾರೆ, ಬರೇ ಆನೆ ಅಂತಲೂ.

"ಎಷ್ಟು ದೊಡ್ಡದಿತ್ತು?"

ಹೆಸರಿಟ್ಟಾಗ ದೊಡ್ಡದಿರಲಿಲ್ಲ, ಮಗಾ.
ಮೈತುಂಬ ಹುಣ್ಣು. ನಿನ್ನಷ್ಟೇ ಎತ್ತರ ಅಂದ್ಕೋ.
ಆಮೇಲೆ ಬೆಳೆಯಿತು. ನಿನ್ನಂಥ ಮಕ್ಕಳನ್ನು ಬೆನ್ನಿಗೇರಿಸಿಕೊಂಡು
ವರ್ಷಗಟ್ಟಲೆ ಅದೇ ದಾರಿ ಸುತ್ತಿತು.
ಸರ್ಕಸ್ಸಿನವರು ಕೊಂಡರು.
ಒಂದು ರಾತ್ರಿ, ಹಳಿಯ ಮೇಲೆ, ರೈಲು.

ಹೆಸರಿಗೆ ಏನೂ ಆಗಲಿಲ್ಲ.
ಅದು ಎದ್ದು ವಿಮಾನ ಹತ್ತಿತು,
ಸೋಪಿನ ಪೊಟ್ಟಣಕ್ಕೆ ಹತ್ತಿತು,
ಈಗ ನಿಮ್ಮಜ್ಜಿಯ ಚೀಲಕ್ಕೆ.

ಜೈತುನ್‌ಬಿ ಅಷ್ಟೊತ್ತೂ ಚಿಲ್ಲರೆ ಎಣಿಸುತ್ತಿದ್ದಳು.
"ಅಷ್ಟೆಲ್ಲ ಭಾರ ಇದರಾಗಿಲ್ಲಪ್ಪ.
ತೂಗಿ ನೋಡು, ಹತ್ತು ಕೇಜಿ.
ಕಾದ ಮರಳಿಗೆ ಬಿದ್ದ ಅಕ್ಕಿ. ಉಳಿದಿದ್ದು ಗಾಳಿ."
ಎರಡು ರೂಪಾಯಿ ಕಮ್ಮಿ ಕೊಟ್ಟು
ಬಣ್ಣ ಆರುವ ಮೊದಲೇ ಹೊತ್ತು ನಡೆದಳು.

ಅಶೋಕ ಟಾಕೀಸಿನ ಹತ್ತಿರ ಗೇಟು ಬಿದ್ದಿತ್ತು.
ನಾನೂ ಸೈಕಲ್ ಹಿಡಿದು ಅಲ್ಲೇ ನಿಂತಿದ್ದೆ, ಸ್ವಲ್ಪ ಹಿಂದೆ.
ಆಟೋದವರು, ಕಾಲೇಜಿನವರು, ಎಲ್ಲರೂ
ಒಂದೊಂದು ಗೇಣು ಮುಂದೆ ಒತ್ತುತ್ತಿದ್ದರು.
ಜೈತುನ್‌ಬಿ ಚೀಲ ಇಳಿಸಿ ಬೆವರು ಒರೆಸಿಕೊಂಡಳು.
ಹರಿಹರದ ಕಡೆಯಿಂದ ಗಾಡಿ ಕೂಗಿತು.

ಮುಬೀನಾ
ಎರಡೂ ಕೈಯಲ್ಲಿ ಚೀಲದ ಕಿವಿ ಹಿಡಿದು,
ಅಂಗೈಗೆ ನೀಲಿ ಹತ್ತಿದ್ದೂ ಗೊತ್ತಾಗದೆ,
ಹಿಂದಕ್ಕೆ ಎಳೆಯುತ್ತಿದ್ದಳು,
ಇನ್ನೂ ಹಿಂದಕ್ಕೆ.