ಗಾಂಧಾರ ನಿಲ್ಲುವುದಿಲ್ಲ

ಬರ್ನ್ ಆಸ್ಪತ್ರೆಯ ಅಡುಗೆಮನೆಯಲ್ಲಿ
ರಾತ್ರಿಪಾಳಿ ಮುಗಿಸಿ ತಿಲ್ಲೈಯಂಬಲಂ ಬಂದರು,
ಕೈಗೆ ಇನ್ನೂ ಈರುಳ್ಳಿ ವಾಸನೆ.
ನನ್ನ ಬಸೂನಿನ ಪೀಪಿ ತುಟಿಗಿಟ್ಟು ನಕ್ಕರು:
"ನಾಗಸ್ವರದ ಸೀವಾಳಿಗೆ ತಂಗಿ ಇದು,
ಇಸ್ಕೂಲಿಗೆ ಹೋದವಳು."

ತೋಡಿ ಶುರುವಾಯಿತು.
ಗಾಂಧಾರ ಹಿಡಿದೆ, ಗೂಟ ಹೊಡೆದ ಹಾಗೆ.
"ಅದು ನಿಲ್ಲುವುದಿಲ್ಲಮ್ಮ ವ್ರೆನಿ,
ಮಗು ಹೊಸಿಲಲ್ಲಿ
ಹೋಗಲೋ ಬರಲೋ ಅನ್ನುತ್ತದಲ್ಲ, ಹಾಗೆ."
ಇಪ್ಪತ್ತನಾಲ್ಕು ಕೀಲಿ ನನ್ನ ಕೊಳವೆಗೆ,
ಒಂದಕ್ಕೂ ಹೊಸಿಲು ಗೊತ್ತಿಲ್ಲ.
ಟಕ್ ಅಂದರೆ ತೆರೆದವು, ಟಕ್ ಅಂದರೆ ಮುಚ್ಚಿದವು.

ಬೆರಳ ನಂಬಿಕೆ ಬಿಟ್ಟೆ.
ತುಟಿ ಸಡಿಲಿಸಿ, ದವಡೆ ಇಳಿಸಿ
ಉಸಿರಲ್ಲೇ ತಡಕಿದೆ, ಕರೆಂಟು ಹೋದ ಮನೆಯಲ್ಲಿ
ಗೋಡೆ ತಡಕಿದಂತೆ.
ಶ್ರುತಿಯಂತ್ರದ ಮುಳ್ಳು
ಅತ್ತ, ಇತ್ತ, ಅತ್ತ.
ಅವರು ಅದರ ಮೇಲೆ
ತಮ್ಮ ಅಡುಗೆಟೋಪಿ ಮುಚ್ಚಿಟ್ಟರು.

ಮೂರು ಚಳಿಗಾಲ.

ಮೊನ್ನೆ ಕಛೇರಿಯಲ್ಲಿ, ನಿಧಾನದ ಭಾಗ,
ಹಾಳೆಯಲ್ಲಿ ಬರೆದದ್ದು ಒಂದೇ ಉದ್ದ ಸ್ವರ,
ಎಂಟು ಎಣಿಕೆ.
ಐದನೆಯದಕ್ಕೆ, ನಾನು ಕೇಳದೆಯೇ,
ಅದು ಆಚೆಗೆ ಕಾಲಿಟ್ಟು
ಮರಳಿ ಒಳಬಂತು.
ಮುಂದಿನ ಸಾಲಿನ ಓಬೋ ಹುಡುಗ ತಿರುಗಿದ.
ನಿರ್ದೇಶಕರ ಕೋಲು ಗಾಳಿಯಲ್ಲಿ
ಒಂದು ಗಳಿಗೆ ತಡೆಯಿತು.

ಕ್ಷಮಿಸಿ ಅನ್ನೋಣವೆಂದರೆ
ಬಾಯಿ ಖಾಲಿ ಇರಲಿಲ್ಲ.