ನಿಂತ ಸಮಯ

ದುರ್ಗಿಗುಡಿಯ ಮೂರನೇ ಅಡ್ಡರಸ್ತೆ, ಬೇಕರಿಯ ಮೇಲ್ಮಹಡಿ.
ಐದು ಒರಗುಕುರ್ಚಿ, ಐದು ಕಂಬ,
ಕಂಬಕ್ಕೊಂದು ಚೀಲ.
ಹನಿ ಎಣಿಸುವವಳು ಜೆಸಿಂತಾ ಸಿಸ್ಟರ್,
ಎಣಿಸಿದ್ದಕ್ಕೆ ಬೆಲೆ ಕಟ್ಟುವವಳು ನಾನು,
ಗಾಜಿನ ಈಚೆ, ಕೆಳಗಿನ ದಿಲ್‌ಪಸಂದಿನ ವಾಸನೆಯಲ್ಲಿ.

ವಿಮೆಯವರ ಪುಸ್ತಕಕ್ಕೆ ಔಷಧಿಗಿಂತ ಗಡಿಯಾರದ ಮೇಲೆ ನಂಬಿಕೆ.
ಹದಿನೈದು ನಿಮಿಷದೊಳಗೆ ಮುಗಿದರೆ ಬರೀ ಚುಚ್ಚುಮದ್ದು;
ಹದಿನಾರಾದರೆ ಇನ್‌ಫ್ಯೂಷನ್, ಬೇರೆ ಕೋಡು, ಬೇರೆ ದರ.
ಮೊದಲ ಗಂಟೆಗೆ ಒಂದು ಸಾಲು,
ಆಮೇಲಿನ ಪ್ರತಿ ಗಂಟೆಗೆ ಇನ್ನೊಂದು.
ಕೊನೆಯ ತುಂಡು ಅರ್ಧ ದಾಟಿದ್ದರೆ ಅದೂ ಗಂಟೆಯೇ,
ದಾಟದಿದ್ದರೆ ಸೊನ್ನೆ.
ಬಾಟಲಿಯಲ್ಲಿ ಉಳಿದು ಹಳದಿ ಡಬ್ಬಿಗೆ ಬಿದ್ದ
ಎಪ್ಪತ್ತು ಮಿಲಿಗ್ರಾಮಿಗೂ ಸಾಲು ಬೇಕು:
ಒಳಗೆ ಹೋದದ್ದು, ಚೆಲ್ಲಿದ್ದು.
ಎರಡಕ್ಕೂ ಒಂದೇ ಬೆಲೆ.

'ನಿಂತ ಸಮಯ' ಎಂಬ ಕಾಲಮ್ಮು ಖಾಲಿ ಇದ್ದರೆ
ಮೂರು ಗಂಟೆ ಕೂತವನೂ ಕಾಗದದ ಮೇಲೆ
ಒಂದು ಚುಚ್ಚಿಗೆ ಎದ್ದುಹೋದವನೇ.

ಮೊನ್ನೆ ಬುಧವಾರ ಅದು ಖಾಲಿ ಇತ್ತು.
ನಾಲ್ಕನೇ ಕುರ್ಚಿಯ ಹೆಂಗಸಿಗೆ ಮೈ ನಡುಗಿ, ತುಟಿ ಊದಿ,
ಜೆಸಿಂತಾ ಅತ್ತ ಓಡಿದ್ದಳು, ಡಾಕ್ಟರೂ.
ಎರಡನೇ ಕುರ್ಚಿಯ ಚೀಲ ತನ್ನಷ್ಟಕ್ಕೆ ಬರಿದಾಗಿ
ಯಾರೋ ಕ್ಲಾಂಪ್ ಒತ್ತಿದ್ದರು. ಯಾವಾಗ?
"ಸುಮಾರು ಒಂದೂಕಾಲು ಅಂತ ಬರ್ಕೊಳ್ಳೇ"
ಅಂದಳು ಜೆಸಿಂತಾ, ಕೈಗವಸು ಕಳಚುತ್ತ.
ಸುಮಾರಿಗೆ ಕೋಡಿಲ್ಲ.

ಆಗ ಹಾಲಸಿದ್ದಪ್ಪ ಜೇಬಿನಿಂದ ಬಸ್ ಟಿಕೇಟು ತೆಗೆದರು,
ಬೆಳಿಗ್ಗೆ ಭದ್ರಾವತಿಯಿಂದ ಬಂದದ್ದು.
ಬೆನ್ನಿನಲ್ಲಿ, ಗಂಟುಬಿದ್ದ ಬೆರಳು ಬರೆದ ಸೊಟ್ಟ ಅಂಕಿ:
ಹತ್ತು ನಲವತ್ತು, ಶುರು.
ಒಂದು ಹದಿನೇಳು, ನಿಂತಿತು.

"ಮೂವತ್ತೊಂದು ವರ್ಷ ಕಾರ್ಖಾನೆ ಗೇಟಿನಲ್ಲಿ ಟೈಮ್‌ಕೀಪರು, ತಾಯಿ.
ನಿಮಿಷ ತಡವಾದವನ ಕಾಲು ಗಂಟೆ ಕತ್ತರಿಸಿದೀನಿ.
ನನ್ನ ಭಾವಮೈದಂದೂ."

ಕೂಡಿಸಿದೆ: ನೂರ ಐವತ್ತೇಳು ನಿಮಿಷ.
ಎರಡು ಗಂಟೆ ಕಳೆದರೆ ಮೂವತ್ತೇಳು.
ಅರ್ಧ ದಾಟಿದೆ, ಮೂರನೇ ಸಾಲು ಸಿಕ್ಕಿತು.
ಸಂಜೆ ಮಾಲೀಕರು ನನ್ನ ಪರದೆ ನೋಡಿ ಗೊಣಗಲಾರರು.

"ತಡಿ," ಅಂದರು. ಟಿಕೇಟನ್ನು ಅಡ್ಡ ಹಿಡಿದು
ಅಂಚಿಗೆ ಒತ್ತಿ ಬರೆದ ಇನ್ನೊಂದನ್ನು ತೋರಿಸಿದರು:
ಹನ್ನೆರಡು ಎರಡರಿಂದ ಹನ್ನೆರಡು ಹನ್ನೊಂದು.
"ನರ ಊದಿತ್ತು. ಸಿಸ್ಟರು ನಿಲ್ಲಿಸಿ ಈ ಕೈಗೆ ಹಾಕಿದರು.
ಆ ಒಂಬತ್ತು ನಿಮಿಷ ಹನಿ ಬಿದ್ದಿಲ್ಲ. ಬರೀಬೇಡ."

ಮೂವತ್ತೇಳರಲ್ಲಿ ಒಂಬತ್ತು ಹೋದರೆ ಇಪ್ಪತ್ತೆಂಟು.
ಸೊನ್ನೆ.

ಕಟ್ಟೋರು ವಿಮೆಯವರು, ಯಜಮಾನ್ರೇ,
ನಿಮ್ಮ ಕೈಯಿಂದ ಏನೂ ಹೋಗಲ್ಲ, ಅಂದೆ.
ಅಂಗಿಯ ತೋಳು ಇಳಿಸುತ್ತ, ಗುಂಡಿ ಹಾಕಲಾಗದೆ,
"ಆ ಕಾಲು ಗಂಟೆಗಳೂ ಕಾರ್ಖಾನೆಗೇ ಹೋದವು," ಅಂದರು,
"ನನ್ನ ಕೈಗೆ ಏನೂ ಬರಲಿಲ್ಲ."

ಗುಂಡಿ ನಾನು ಹಾಕಿದೆ.
ಟಿಕೇಟು ಮೇಜಿನ ಮೇಲೆ ಬಿಟ್ಟು ಮೆಟ್ಟಿಲಿಳಿದರು,
ಒಂದೊಂದು ಮೆಟ್ಟಿಲಿಗೂ ಎರಡೆರಡು ಕಾಲು.
ನೂರ ನಲವತ್ತೆಂಟು ಎಂದು ಒತ್ತಿದೆ.
ಯಂತ್ರ ಕೇಳಿತು: ಖಚಿತವೇ?

ಒಳಗೆ ನಾಲ್ಕನೇ ಕುರ್ಚಿಯ ಹೆಂಗಸು ಎದ್ದು ಕೂತು
ಸಕ್ಕರೆ ಜಾಸ್ತಿ ಹಾಕಿ ಕಾಫಿ ಕೊಡಿ ಎನ್ನುತ್ತಿದ್ದಳು.
ಅವಳ ಹನಿ ನಿಂತದ್ದು ಹನ್ನೆರಡು ಐವತ್ತೆಂಟಕ್ಕೆ.
ಅದು ಹಾಳೆಯಲ್ಲಿರಲಿಲ್ಲ,
ಜೆಸಿಂತಾಳ ಮಣಿಕಟ್ಟಿನ ಮೇಲೆ ನೀಲಿ ಪೆನ್ನಿನಲ್ಲಿತ್ತು,
ಬೆವರಿಗೆ ಅರ್ಧ ಅಳಿಸಿ.